ಅವ್ವನ ತವರಿನ ಚಿತ್ರ

ಚನ್ನಗಿರಿ
22 ಜುಲೈ 1979, ಭಾನುವಾರ

ಅವ್ವಾ,

ನಿನ್ನ ಪಾದಕ್ಕೆ ಹಣೆ ಹಚ್ಚಿ ಸಾವಂತ್ರಿ ಬರೆಯುತ್ತಿದ್ದೇನೆ. ನಾನು ಆರಾಮ. ಕಾಗದ ಈ ಸಲ ಉದ್ದವಿದೆ, ಒಲೆ ಮುಂದೆ ಕೂತು ಓದಬೇಡ. ಪಡಸಾಲೆಯ ಬೆಳಕಿಗೆ ಬಾ.

ವಾರದೊಳಗೆ ಪಂಚಮಿ. ಸಾಸ್ವೆಹಳ್ಳಿಯ ಹೆಂಗಸರೆಲ್ಲ ತವರಿಗೆ ಹೊರಟಿರುತ್ತಾರೆ. ನೀನು ಅವರ ಮಕ್ಕಳಿಗೆ ತಲೆ ಬಾಚಿ, ಬಸ್ಸು ಹತ್ತಿಸಿ, ಬರಿ ಕೈ ಬೀಸಿ ಬರುತ್ತೀಯ. ನಿನ್ನ ತವರು ಎಲ್ಲಿ ಎಂದು ಕೇಳಿದರೆ "ಮೂಡಲ ಕಡೆ" ಎನ್ನುತ್ತಿದ್ದೆ. ತಾತ ನಿನಗೆ ಹೇಳಿದ್ದೂ ಅಷ್ಟೇ: ಹೆರಿಗೆಯಲ್ಲಿ ತಾಯಿಯೂ ಕೂಸೂ ಹೋದರು, ನಾಲ್ಕು ವರ್ಷದ ನಿನ್ನನ್ನು ಹೊತ್ತುಕೊಂಡು ಊರು ಬಿಟ್ಟೆ ಎಂದು. ಕೊನೆತನಕ ನಮ್ಮ ಮನೆಯಲ್ಲೇ ಇದ್ದ, ಆದರೂ ಊರ ಹೆಸರು ಕೇಳಿದರೆ ಎದ್ದು ಹೊಳೆ ಕಡೆ ಹೋಗಿಬಿಡುತ್ತಿದ್ದ.

ಆ ಊರನ್ನು ಹುಡುಕಲು ಹೊರಟದ್ದನ್ನು ನಿನಗೆ ಹೇಳಿರಲಿಲ್ಲ. ಸಿಗದಿದ್ದರೆ ನಿನಗೆ ಇನ್ನೊಂದು ನೋವು ಯಾಕೆ ಎಂದು. ಡ್ರಾಯಿಂಗ್ ಮೇಡಂ ಆದ ನನಗೆ ಗೊತ್ತಿರುವುದು ಪೆನ್ಸಿಲ್ ಒಂದೇ ತಾನೇ? ಮೊದಲು ನಿನ್ನ ನೆನಪಿನ ಮನೆ ಬರೆದೆ. ಗಿಡ್ಡ ಬಾಗಿಲು, ತಾತ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದ ಮಗ್ಗದ ಗುಂಡಿ, ಹೊರಗೆ ಹುಣಸೆಮರ. ಆಮೇಲೆ ನೀನೂ ತಾತನೂ ಸಾಸ್ವೆಹಳ್ಳಿಗೆ ಬರುವ ಮುಂಚೆ ಅಲೆದು ತಂಗಿದ ಜಾಗಗಳನ್ನು ಹಿಂದುಹಿಂದಕ್ಕೆ ಬರೆಯುತ್ತ ಹೋದೆ. ಮೊದಲು ಹೊನ್ನಾಳಿಯ ಹೊಳೆದಂಡೆ, ಆಮೇಲೆ ನ್ಯಾಮತಿಯಲ್ಲಿ ಸಂತೆ ಜಾಗದ ಹಿಂದಿನ ಸಾಲುಮನೆ. ಕೂತು ಬರೆಯತೊಡಗಿದರೆ ವಯಸ್ಸಾದವರು ತಾವಾಗಿಯೇ ಬಂದು ಬಗ್ಗಿ ನೋಡುತ್ತಾರೆ ಅವ್ವ. ಹೆಸರು ಕೇಳಿದರೆ ಗೊತ್ತಿಲ್ಲ ಎನ್ನುವವರು, ಕಿಟಕಿ ತಪ್ಪಾದರೆ ಸುಮ್ಮನಿರುವುದಿಲ್ಲ. ನ್ಯಾಮತಿಯ ಮುದುಕರೊಬ್ಬರು, "ಇಲ್ಲಿ ಜಗಳೂರು ಸೀಮೆ ಕಂಬಳಿಯೋನೊಬ್ಬ ಇದ್ದ, ಮಗಳನ್ನ ಕೆಳಗೇ ಇಳಿಸ್ತಿರಲಿಲ್ಲ" ಎಂದರು. ಚನ್ನಗಿರಿಯಲ್ಲಂತೂ, ನಾನು ದಿನಾ ಸ್ಕೂಲಿಗೆ ನಡೆಯುವ ಕೋಟೆ ಕೆಳಗಿನ ಓಣಿಯಲ್ಲೇ ನೀವು ಒಂದು ಮಳೆಗಾಲ ಇದ್ದಿರಂತೆ. ಅಲ್ಲಿಯ ಅಜ್ಜಿಯ ಬಾಯಲ್ಲಿ ಬಿಳಿಚೋಡು ಎಂಬ ಹೆಸರು ಬಂತು. ಆ ಮನೆಯ ಗೋಡೆ ಮುಟ್ಟಿ ಎಷ್ಟೋ ಹೊತ್ತು ನಿಂತಿದ್ದೆ.

ಮೊನ್ನೆ ಬಿಳಿಚೋಡಿಗೆ ಹೋಗಿ ಬಂದೆ. ಹುಣಸೆಮರ ಇದೆ. ಮನೆ ಬಿದ್ದು ಮೋಟುಗೋಡೆ ಉಳಿದಿದೆ. ಪಕ್ಕದ ಮನೆಯ ಕಟ್ಟೆಯ ಮೇಲೆ ಸುಂಕಲಮ್ಮ ಎಂಬ ಮುದುಕಿ ಕೂತಿದ್ದರು. ತಾತನ ತಮ್ಮನ ಹೆಂಡತಿ, ನಿನಗೆ ಚಿಕ್ಕವ್ವ. ಚಿತ್ರವನ್ನು ಮೂಗಿಗೆ ತಾಗುವಂತೆ ಹಿಡಿದು ನೋಡಿ, "ಬಾಗ್ಲು ಈ ಕಡೆ ಅಲ್ಲವ್ವ, ಮರದ ಕಡೆಗೆ ಇತ್ತು" ಎಂದರು. ಅಳಿಸಿ ಬರೆದೆ. ಮತ್ತೆ ನೋಡಿದರು. "ಎಲ್ಲಾ ಬರೆದೀಯ, ತೊಟ್ಟಿಲು ಯಾಕೆ ಬರೆದಿಲ್ಲ?"

ಯಾರ ತೊಟ್ಟಿಲು ಎಂದೆ.

ಇಲ್ಲಿಗೆ ಬಂದು ಎರಡು ಹಾಳೆ ಹರಿದೆ ಅವ್ವ. ನೇರವಾಗಿಯೇ ಬರೆಯುತ್ತೇನೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ನಿನ್ನ ತಾಯಿಗೊಂದು, ಆ ಕೂಸಿಗೊಂದು ಎಲೆ ಹಾಕಿ ಎಡೆ ಇಡುತ್ತೀಯಲ್ಲ, ಇನ್ನು ಒಂದೇ ಎಲೆ ಹಾಕು. ಕೂಸು ಸತ್ತಿರಲಿಲ್ಲ. ಸುಂಕಲಮ್ಮ ತಮ್ಮ ಮಗುವಿನ ಜೊತೆ ಅದಕ್ಕೂ ಹಾಲು ಕೊಟ್ಟು ಸಾಕಿದರು. "ಆ ಮುಖ ನೋಡಿದ್ರೆ ಹೆಂಡ್ತಿ ನೆನಪಾಗೋಳು ನಮ್ಮ ಭಾವಂಗೆ. ಹಾಲು ಬಿಡೋ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ ಅಂದ್ರು. ಬರಲೇ ಇಲ್ಲ" ಎಂದರು.

ಸಂಜೆ ಕುರಿ ಹೊಡೆದುಕೊಂಡು ಅವರು ಬಂದರು. ಹೆಸರು ಯರ್ರಿಸ್ವಾಮಿ. ನನ್ನ ಮಾವ, ನಿನ್ನ ತಮ್ಮ. ನಿನ್ನವೇ ಹುಬ್ಬು, ಮಾತಿಗೆ ಮುಂಚೆ ನಿನ್ನ ಹಾಗೇ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಯಾರೆಂದು ತಿಳಿದ ಮೇಲೆ ಮುಖ ತಿರುಗಿಸಿದರು. "ಮಗಳನ್ನ ಹೊತ್ಕೊಂಡು ಹೋಗಾಕೆ ಹೆಗಲಿತ್ತು, ನನ್ನ ಎತ್ತಾಕೆ ಕೈ ಇರಲಿಲ್ಲ. ಆ ಮನೆಗೆ ನಾನ್ಯಾಕೆ ಬರಲಿ?"

ಮಾವ, ನೀನು ಸತ್ತಿದ್ದೀಯ ಎಂದೇ ತಾತ ಅವ್ವನಿಗೆ ಹೇಳಿದ್ದು, ಎಂದೆ. ಎಡೆಯ ವಿಷಯ ಹೇಳಿದೆ. "ನಂಗೆ ಏನು ಬಡಿಸ್ತಾಳೆ?" ಎಂದರು.

ಹಾಲು ಅನ್ನ, ಕೂಸಿಗೆ ಖಾರ ಆಗಲ್ಲ ಅಂತ, ಎಂದೆ.

ಎದ್ದು ಕುರಿಹಟ್ಟಿಗೆ ಹೋದವರು ಒಳಗೆ ಬರಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹಟ್ಟಿ ಖಾಲಿ. "ಕಾಯಬ್ಯಾಡ, ಅವನು ಹಂಗೇ" ಎಂದು ಸುಂಕಲಮ್ಮ ಬುತ್ತಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದನ್ನು ಬಿಚ್ಚಲಾಗಲಿಲ್ಲ.

ಮನಸ್ಸು ಗಟ್ಟಿ ಮಾಡಿಕೋ. ಸ್ಕೂಲಿಗೆ ರಜ ಸಿಕ್ಕ ಕೂಡಲೇ ನಾವಿಬ್ಬರೂ ಹೋಗೋಣ. ಅವರು ಮಾತಾಡದಿದ್ದರೂ ನೀನು ಕಣ್ತುಂಬ ನೋಡಿ ಬರಬಹುದು. ತಾತನ ಮೇಲೆ ಸಿಟ್ಟಾಗಬೇಡ ಎಂದು ಬರೆಯಲಾರೆ, ನನ್ನದೇ ಇನ್ನೂ ಇಳಿದಿಲ್ಲ. ಆದರೆ ಅವನು ಹೊಳೆದಂಡೆಯಲ್ಲಿ ಒಬ್ಬನೇ ಕೂತಿರುತ್ತಿದ್ದುದು ಯಾಕೆಂದು ಈಗ ತಿಳಿಯುತ್ತಿದೆ.

ಬೇಗ ಬರುತ್ತೇನೆ.

ನಿನ್ನ ಮಗಳು
ಸಾವಂತ್ರಿ

ಮರೆತ ಮಾತು: ಮಂಗಳವಾರ ಬರೆಯುತ್ತಿದ್ದೇನೆ. ಕಾಗದ ಇನ್ನೂ ಪೋಸ್ಟ್ ಮಾಡಿರಲಿಲ್ಲ. ಇವತ್ತು ಸ್ಕೂಲು ಬಿಟ್ಟಾಗ ಗೇಟಿನ ಹತ್ತಿರ ಮಾವ ನಿಂತಿದ್ದರು, ಕಂಕುಳಲ್ಲಿ ಹೊಸ ಕಂಬಳಿ. "ಪಂಚಮಿಗೆ ಅಕ್ಕನ್ನ ಕರೆಯಾಕೆ ಯಾರಾದ್ರೂ ಹೋಗಬೇಕಲ್ಲ" ಎಂದರು. ನಾಳೆ ಬೆಳಿಗ್ಗೆ ಅವರನ್ನು ಸಾಸ್ವೆಹಳ್ಳಿ ಬಸ್ಸು ಹತ್ತಿಸುತ್ತೇನೆ. "ನಾನು ಯಾರು ಅಂತ ನನ್ನ ಬಾಯಲ್ಲಿ ಹೇಳಾಕೆ ಆಗಲ್ಲ, ಕಾಗದ ನನ್ನ ಕೈಗೇ ಕೊಡು" ಎನ್ನುತ್ತಿದ್ದಾರೆ. ಇದನ್ನು ತಂದುಕೊಟ್ಟವರು ಇನ್ನೂ ಹೊರಗೇ ನಿಂತಿದ್ದರೆ, ಒಳಗೆ ಕರಿ ಅವ್ವ.