ಖಾಲಿ ಪುಟದಲ್ಲಿ ಹುಟ್ಟಿದವರು

ಏಳನೆಯ ಗಾಳಿಕಂಬ, ಕಪ್ಪತಗುಡ್ಡ
ನವೆಂಬರ್ ಮೂವತ್ತೊಂದು

ಗದಗ-ಬೆಟಗೇರಿಯ ಲೇಡೀಸ್ ಟೇಲರ್ ಸುವರ್ಣಾ ಕೋಟುಮಚಗಿ ಅವರಿಗೆ,

ಮೇಲಿನ ತಾರೀಖು ನೋಡಿ ನೀವು ನಗಬಹುದು. ನವೆಂಬರಿಗೆ ಮೂವತ್ತೇ ದಿನ ಎಂದು ನಿಮ್ಮ ಕಾಲದ ಮಕ್ಕಳಿಗೂ ಗೊತ್ತಿತ್ತಂತೆ. ಆದರೆ ನೀವು ಬರೆದ ಡೈರಿಯಲ್ಲಿ ಮೂವತ್ತೊಂದರ ಪುಟ ಇದೆ. ಯಾವುದೋ ಸಹಕಾರಿ ಸಂಘ ಪುಕ್ಕಟೆ ಹಂಚಿದ ಡೈರಿ ಅದು. ಅಚ್ಚಿನವರು ತೂಕಡಿಸುತ್ತ ಒಂದು ಪುಟ ಹೆಚ್ಚು ಹಾಕಿರಬೇಕು. ಪುಟ ಇದ್ದಮೇಲೆ ದಿನ ಇರಲೇಬೇಕೆಂದು ನಮ್ಮ ಹಿರಿಯರು ತೀರ್ಮಾನಿಸಿದರು. ವರ್ಷಕ್ಕೊಂದು ದಿನ ಹೀಗೆ ಜಾಸ್ತಿಯಾಗುತ್ತ ಬಂದು, ಈಗ ನಮ್ಮ ನವೆಂಬರಿನಲ್ಲಿ ಮಾವು ಹಣ್ಣಾಗುತ್ತದೆ. ನಿಮಗೂ ನಮಗೂ ನಡುವೆ ಎಷ್ಟು ವರ್ಷ ಕಳೆದಿವೆ ಎಂಬುದನ್ನು ಈ ಮಾವಿನಿಂದಲೇ ಊಹಿಸಿಕೊಳ್ಳಿ. ನಮಗೆ ಬೇರೆ ಲೆಕ್ಕ ಗೊತ್ತಿಲ್ಲ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಾವು ಬರೆಯುವ ಕನ್ನಡವನ್ನು ಕಲಿತದ್ದು ಎರಡು ಕಡೆಯಿಂದ. ಒಂದು, ನಿಮ್ಮ ದಿನದ ಸಾಲುಗಳು. ಇನ್ನೊಂದು, ಡೈರಿಯ ಹಿಂಬದಿಯಲ್ಲಿ ಅಚ್ಚಾಗಿರುವ ಸಂಘದ ನಿಯಮಾವಳಿ. ಹೀಗಾಗಿ ನಮ್ಮಲ್ಲಿ ಯಾರಾದರೂ ಪ್ರೀತಿಯ ಕಾಗದ ಬರೆದರೂ ನಡುವೆ 'ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ' ಎಂದು ಬಂದುಬಿಡುತ್ತದೆ. ಪುಟದ ಅಡಿಗಿರುವ ಸುಭಾಷಿತಗಳನ್ನು ನಾವು ಓದುವುದಿಲ್ಲ. ಅವು ನಿಮ್ಮ ಮೇಲೂ ಪರಿಣಾಮ ಮಾಡಿದಂತೆ ಕಾಣಲಿಲ್ಲ.

ನನ್ನ ಹೆಸರು ಗಾಳೆವ್ವ. ಈ ಗುಡ್ಡದ ಸಾಲುಗಾರ್ತಿ ನಾನು. ಎಂದರೆ ದಿನಾಲು ಬೆಳಗ್ಗೆ ನಿಮ್ಮ ಡೈರಿಯ ಆ ದಿನದ ಸಾಲನ್ನು ಗಟ್ಟಿಯಾಗಿ ಓದಿ ಹೇಳುವವಳು. ಈ ಉದ್ಯೋಗ ಹೇಗೆ ಹುಟ್ಟಿತೆಂಬುದನ್ನು ನಿಮಗೆ ಹೇಳಬೇಕು. 'ದೊಡ್ಡ ಮರೆವು' ಎಂದು ನಾವು ಕರೆಯುವ ಒಂದು ಬೇಸಿಗೆಯಲ್ಲಿ, ಜನ ಯಂತ್ರಗಳೊಳಗೆ ಇಟ್ಟುಕೊಂಡಿದ್ದ ಚಿತ್ರ, ಧ್ವನಿ, ಬರಹ ಎಲ್ಲ ಅಳಿಸಿಹೋದವು. ಮುಂದೆ ಬಯಲಿನ ಕಾವು ತಾಳದೆ ಜನ ಗುಡ್ಡ ಹತ್ತಿ, ನಿಮ್ಮ ಕಾಲದಲ್ಲಿ ನಿಲ್ಲಿಸಿದ್ದ ಗಾಳಿಯಂತ್ರಗಳ ಕಂಬದೊಳಗೆ ಮನೆ ಮಾಡಿದರು. ಯಾರೋ ಒಬ್ಬಳು ಹೊಲಿಗೆಯಂತ್ರವೊಂದನ್ನು ತಲೆಯ ಮೇಲೆ ಹೊತ್ತು ತಂದಳು. ಅದರ ಡ್ರಾಯರಿನಲ್ಲಿ ಬಾಬಿನ್ನು, ಮುರಿದ ಸೂಜಿ ಮತ್ತು ನಿಮ್ಮ ಡೈರಿ ಇದ್ದವು. ಮಕ್ಕಳಿಗೆ ಓದಿ ಹೇಳಲು ಬೇರೇನೂ ಇರಲಿಲ್ಲ. ಹಾಗೆ ಸುರುವಾದದ್ದು ಇಂದಿಗೂ ನಡೆದಿದೆ.

ನಮ್ಮ ವರ್ಷ ನಿಮ್ಮ ವರ್ಷವೇ. ಜನವರಿಯಲ್ಲಿ ಒಂದು ದಿನ ನೀವು, 'ಪಾಟೀಲರ ಮನೆಯ ಬ್ಲೌಸು ಬಿಗಿಯಾಯಿತಂತೆ. ಬಿಚ್ಚಿ ಮತ್ತೆ ಹೊಲಿದೆ' ಎಂದು ಬರೆದಿರಿ. ಆ ದಿನ ನಾವು ತಪ್ಪಾಗಿ ಮಾಡಿದ ಒಂದು ಕೆಲಸವನ್ನು ಬಿಚ್ಚಿ ಮತ್ತೆ ಮಾಡುತ್ತೇವೆ. ಮಂಜು ಹಿಡಿದು ಕುಡಿಯುವ ನೀರು ಕೊಡುವ ನೀರಬಲೆಗಳನ್ನು ರಿಪೇರಿ ಮಾಡುವುದು ಆಗಲೇ. 'ಕರೆಂಟು ಹೋಗಿತ್ತು' ಎಂದ ದಿನ ಗುಡ್ಡದ ಯಂತ್ರಗಳನ್ನೆಲ್ಲ ನಿಲ್ಲಿಸುತ್ತೇವೆ. 'ಮಳೆ ಬಂತು, ಬಟ್ಟೆ ಒಳಗೆ ತಂದೆ' ಎಂದ ದಿನ ನಮ್ಮಲ್ಲಿ ಹನಿ ಮಳೆಯೂ ಇರುವುದಿಲ್ಲ. ಆದರೂ ಬಟ್ಟೆ ಹರವಿ, ಮಧ್ಯಾಹ್ನ ಗಡಿಬಿಡಿಯಿಂದ ಒಳಗೆ ತರುತ್ತೇವೆ. 'ಇವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ' ಎಂಬ ದಿನ ಗಂಡ ಹೆಂಡತಿ ಮಾತಾಡುವಂತಿಲ್ಲ. ವರ್ಷದಲ್ಲಿ ಅದೊಂದೇ ಸುಖದ ದಿನವೆಂದು ಹೇಳುವವರು ನಮ್ಮಲ್ಲಿ ಇದ್ದಾರೆ.

ಕೆಲವು ಸಾಲುಗಳು ನಮಗೆ ಕಷ್ಟ ಕೊಟ್ಟಿವೆ. 'ಮೂಲೆಯಲ್ಲಿ ಕೂತು ಸ್ವಲ್ಪ ಅತ್ತೆ' ಎಂದು ಬರೆದಿದ್ದೀರಿ. ಕಂಬದೊಳಗಿನ ಮನೆಗಳು ದುಂಡಗಿರುತ್ತವೆ. ಮೂಲೆ ಎಂದರೇನೆಂದು ಮಕ್ಕಳಿಗೆ ಕೈಯಲ್ಲಿ ತೋರಿಸಬೇಕು. ಕೊನೆಗೆ ಕಂಬದ ಹೊರಗೆ ಎರಡು ಗೋಡೆ ಕೂಡಿಸಿ ಒಂದು ಮೂಲೆ ಕಟ್ಟಿದೆವು. ಆ ದಿನ ಅಳಬೇಕಾದವರು ಪಾಳಿ ಹಚ್ಚಿ ಅಲ್ಲಿ ಕೂತು ಬರುತ್ತಾರೆ. ಈಚೆಗೆ ಉಳಿದ ದಿನಗಳಲ್ಲೂ ಕೆಲವರು ಹೋಗುತ್ತಾರೆ, ನಾವು ನೋಡಿಯೂ ನೋಡದಂತೆ ಇರುತ್ತೇವೆ. ಇನ್ನು 'ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕಿದರು' ಎಂಬ ಸಾಲು. ಧಾರಾವಾಹಿ ಎಂಬುದು ಬೆಟಗೇರಿಯ ಪಕ್ಕದ ಊರೆಂದೂ, ಅಲ್ಲಿಗೆ ಹೆಣ್ಣು ಕೊಡಬಾರದೆಂದೂ ನಮ್ಮ ತಿಳಿದವರ ಅಭಿಪ್ರಾಯ. ತಪ್ಪಿದ್ದರೆ ತಿದ್ದಿಕೊಳ್ಳುತ್ತೇವೆ. ಆ ಸೊಸೆ ಬದುಕಿದಳೇ ಎಂದು ನೀವು ಮುಂದೆಲ್ಲೂ ಬರೆಯಲಿಲ್ಲ.

ಈಗ ಕಿವಿಸಾಲಿನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ. ಮಗು ಹುಟ್ಟಿದ ದಿನ ನಿಮ್ಮ ಡೈರಿಯಲ್ಲಿ ಯಾವ ಸಾಲು ಇದೆಯೋ ಅದನ್ನು ಹದಿಮೂರನೆಯ ದಿನ, ಹೆಸರಿಡುವಾಗ, ಮಗುವಿನ ಕಿವಿಯಲ್ಲಿ ಹೇಳುತ್ತೇವೆ. ಅದೇ ಅದರ ಕಿವಿಸಾಲು. ಮದುವೆಯಲ್ಲಿ ಇಬ್ಬರ ಸಾಲನ್ನೂ ಕೂಡಿಸಿ ಹೇಳುತ್ತಾರೆ. ಜೀವ ಹೋದಮೇಲೆ ಕೊನೆಗೆ ಒಮ್ಮೆ ಅದೇ ಸಾಲನ್ನು ಅದೇ ಕಿವಿಯಲ್ಲಿ ಹೇಳಿ ಕಳಿಸುತ್ತಾರೆ. ನನ್ನ ಮಗಳು ಸಂಕವ್ವ ಹುಟ್ಟಿದ್ದು 'ಮೆಣಸಿನಕಾಯಿ ಒಣಹಾಕಿದೆ, ಕೈ ಇನ್ನೂ ಉರಿಯುತ್ತದೆ' ಎಂಬ ದಿನ. ಅವಳ ಸ್ವಭಾವದ ಬಗ್ಗೆ ನಾನು ಬೇರೆ ಹೇಳಬೇಕಾದ್ದಿಲ್ಲ.

ನವೆಂಬರ್ ಮೂರರಂದು ನೀವು ಬರೆದದ್ದು: 'ನಾಳೆ ಬೇಗ ಏಳಬೇಕು.' ಆಮೇಲೆ ಡಿಸೆಂಬರ್ ಕೊನೆಯ ತನಕ ಏನೂ ಇಲ್ಲ. ನಾವು ಮಾರನೆಯ ದಿನ ಬೇಗ ಏಳುತ್ತೇವೆ. ಎದ್ದು ಏನು ಮಾಡಬೇಕೋ ಯಾರಿಗೂ ತಿಳಿಯುವುದಿಲ್ಲ. ನಾನು ಖಾಲಿ ಪುಟ ತೆರೆದು ಎಲ್ಲರಿಗೂ ತೋರಿಸುತ್ತೇನೆ, ಅವರು ನೋಡಿ ಹೋಗುತ್ತಾರೆ. ಬಿಸಿಲೊಲೆಯ ಮುಂದೆ ಅಡಿಗೆಯವರು ಆ ಎರಡು ತಿಂಗಳು ಕೈಗೆ ಸಿಕ್ಕದ್ದನ್ನು ಬೇಯಿಸುತ್ತಾರೆ. ನೀವು ತೀರಿಹೋದಿರಿ ಎನ್ನುವವರಿದ್ದಾರೆ. ಮಗಳ ಬಾಣಂತನಕ್ಕೆ ಹೋಗಿ ಡೈರಿ ಮರೆತಿರಿ ಎನ್ನುವವರೂ ಇದ್ದಾರೆ. ನಿಮಗೆ ಬೇಸರ ಬಂದಿರಬೇಕು ಎಂದು ನನ್ನ ಎಣಿಕೆ. ಇಷ್ಟು ದಿನ ಬರೆದೆ, ದಿನಾ ಅದೇ ಸಾರು ಅದೇ ಬ್ಲೌಸು, ಯಾರು ಓದುತ್ತಾರೆ ಎಂದು ನಿಮಗೆ ಅನಿಸಿರಬಹುದು.

ಆ ದಿನಗಳಲ್ಲಿ ಹುಟ್ಟಿದವರನ್ನು ನಮ್ಮಲ್ಲಿ 'ಖಾಲಿಯವರು' ಎನ್ನುತ್ತಾರೆ. ಅವರಿಗೆ ಯಾರೂ ಕೆಡುಕು ಮಾಡುವುದಿಲ್ಲ. ಮದುವೆಯಲ್ಲಿ ಅವರ ಸಾಲು ಬರುವ ಹೊತ್ತಿಗೆ ಜನ ಒಂದು ಗಳಿಗೆ ನೆಲ ನೋಡುತ್ತಾರೆ, ಅಷ್ಟೆ. ನಾನೂ ಖಾಲಿಯವಳು, ಡಿಸೆಂಬರ್ ನಾಲ್ಕರ ಹುಟ್ಟು. ಸಾಲುಗಾರ್ತಿಯ ಕೆಲಸವನ್ನು ಖಾಲಿಯವರಿಗೇ ಕೊಡುವುದು ರೂಢಿ, ಏಕೆಂದರೆ ಸ್ವಂತದ ಸಾಲು ಇಲ್ಲದವರು ಯಾವ ಸಾಲಿನ ಪರವೂ ವಹಿಸುವುದಿಲ್ಲ. ನಾನು ಆ ನ್ಯಾಯವನ್ನು ಒಪ್ಪಿಕೊಂಡು ಬಂದವಳು. ಚಿಕ್ಕಂದಿನಲ್ಲಿ ಮಕ್ಕಳು ತಮ್ಮ ತಮ್ಮ ಸಾಲು ಕೂಗಿ ಓಡುವ ಆಟ ಆಡುವಾಗ ನಾನು ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ, ಆದರೆ ಬರೆದಾಯಿತು.

ಸಂಕವ್ವನಿಗೆ ದಿನ ತುಂಬುವುದು ಅಕ್ಟೋಬರಿನ ಕೊನೆಗೆ ಎಂದಿದ್ದರು. ಕೂಸಿಗೆ ಅವಸರವಿರಲಿಲ್ಲ. ನವೆಂಬರ್ ಮೂರು ದಾಟಿದಾಗ ಮಗಳು ನನ್ನ ಜೊತೆ ಮಾತು ಬಿಟ್ಟಳು. ಪುಟ ಖಾಲಿ ಇದ್ದದ್ದು ನನ್ನದೇ ತಪ್ಪು ಎಂಬಂತೆ. ಇಪ್ಪತ್ತರಂದು ಹೆಣ್ಣು ಹುಟ್ಟಿತು. ಆರೋಗ್ಯವಾಗಿದೆ, ದನಿ ದೊಡ್ಡದಿದೆ. ಅವಳ ತಾಯಿ ಕೂಸಿನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, "ಅವ್ವಾ, ಮನಿಯೊಳಗ ನೀ ಒಬ್ಬಾಕಿ ಖಾಲಿ ಇದ್ದದ್ದು ಸಾಕು. ನನ್ನ ಕೂಸು ಖಾಲಿ ಆಗೂದು ಬ್ಯಾಡ" ಎಂದಳು. ನಾನು ಬಿಸಿನೀರು ತರುವ ನೆಪದಿಂದ ಹೊರಗೆ ಬಂದೆ.

ವಿಷಯ ಹಿರಿಯರ ಮುಂದೆ ಹೋಯಿತು. ನಮ್ಮಲ್ಲಿ ಎಲ್ಲಕ್ಕಿಂತ ಹಿರಿಯರಾದ ಅಡಿವೆಪ್ಪಜ್ಜ ದೊಡ್ಡ ಮನಸ್ಸಿನವರು. "ಒಂದು ಸಾಲಿಗೆ ಏನ ಬರಗಾಲ ಬಂದೈತಿ? ನಾವ ಒಂದ ಕಟ್ಟಿ ಹೇಳೋಣಂತ. ಕೂಸಿಗೇನ ತಿಳೀತೈತಿ" ಎಂದು ಅಲ್ಲೇ ಒಂದು ಕಟ್ಟಿಯೂ ಬಿಟ್ಟರು: 'ಇಂದು ಶುಭದಿನ. ಎಲ್ಲೆಡೆ ಆನಂದ ತುಂಬಿತು.' ಕೂತವರೆಲ್ಲ ತಲೆದೂಗಿದರು. ಬಾಣಂತಿ ಕೋಣೆಯಿಂದ ಸಂಕವ್ವ ಕೂಗಿ ಹೇಳಿದಳು: "ಅಜ್ಜಾ, ಇದು ಸುವರ್ಣವ್ವನ ಮಾತಲ್ಲ, ಮದುವಿ ಪತ್ರಿಕಿ ಮಾತು. ಆಕಿ ಒಂದ ದಿನಾನೂ ಆನಂದ ಆತು ಅಂತ ಬರದಿಲ್ಲ. ಭಾಳ ಅಂದ್ರ ಚಾ ಚೊಲೊ ಆಗಿತ್ತು ಅಂದಾಳ." ಅಜ್ಜ ನಕ್ಕರು. ಸಭೆ ಮುಗಿಯಿತು. ಸಾಲು ಮಾತ್ರ ಸಿಗಲಿಲ್ಲ.

ಅಂದು ಸಂಜೆ ಮಗಳು ಕೂಸಿಗೆ ಹಾಲೂಡಿಸುತ್ತ, ಈ ಸಲ ಮೆತ್ತಗೆ, "ಆಕಿ ಬರೀಲಿಲ್ಲಂದ್ರ ನೀ ಬರಿ. ಆ ದಿನ ನೀ ಇಲ್ಲೇ ಇದ್ದೆಲ್ಲ?" ಎಂದಳು.

ನಿಮಗೆ ಇದು ಸಣ್ಣ ಮಾತೆನಿಸಬಹುದು. ಈ ಗುಡ್ಡದ ಮೇಲೆ ಇಷ್ಟು ತಲೆಮಾರು ಕಳೆದರೂ ತನ್ನ ದಿನವನ್ನು ತಾನು ಬರೆದವರು ಒಬ್ಬರೂ ಇಲ್ಲ. ನೀರಿನ ಪಾಳಿ ಬರೆಯುತ್ತೇವೆ, ಔಷಧದ ಅಳತೆ ಬರೆಯುತ್ತೇವೆ. ದಿನಗಳನ್ನು ನೀವು ಮೊದಲೇ ಬರೆದಿಟ್ಟಿರುವಾಗ ನಾವು ಮತ್ತೇಕೆ ಬರೆಯಬೇಕು ಎಂದುಕೊಂಡಿದ್ದೆವು. ನಾನು ಹಲಗೆಯ ಮೇಲೆ ಬರೆದು ನೋಡಿದೆ. ಮೊದಲು, 'ವಂಶದ ದೀಪ ಬೆಳಗಿತು' ಎಂದು ಬಂತು, ಒರೆಸಿದೆ. ಆಮೇಲೆ, 'ಸದರಿ ದಿನಾಂಕದಂದು ಹೆಣ್ಣು ಶಿಶು ಜನಿಸಿರುತ್ತದೆ' ಎಂದು ಬಂತು; ಅದು ನಿಯಮಾವಳಿ. ಅದನ್ನೂ ಒರೆಸಿದೆ. ನೀವು ಅಷ್ಟು ಸುಲಭವಾಗಿ ಬರೆಯುತ್ತಿದ್ದುದು ಸುಲಭವಲ್ಲವೆಂದು ಆಗ ತಿಳಿಯಿತು. ನನಗೆ ನಿಮ್ಮ ಮೇಲೆ ಸಿಟ್ಟೂ ಬಂತು. ಚಾ ಕುಡಿದು ಪೆನ್ನು ಕೈಗೆ ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ ಮುಗಿಯುವ ಕೆಲಸ, ನೀವು ಮಾಡಲಿಲ್ಲ.

ಕಡೆಗೆ, ಬರೆಯುವುದನ್ನು ಬಿಟ್ಟು ಆ ದಿನ ಏನಾಯಿತೆಂದು ನೆನೆಯುತ್ತ ಕೂತೆ. ಬಿಸಿಲು ವಿಪರೀತ ಇತ್ತು. ನಮ್ಮಲ್ಲಿ ನಡುಹಗಲು ಎಲ್ಲರೂ ಕಂಬದೊಳಗೆ ಮಲಗಿ, ಬಿಸಿಲು ಇಳಿದಮೇಲೆ ಕೆಲಸಕ್ಕೆ ಏಳುತ್ತಾರೆ. ಅಂದು ಯಾರೂ ಮಲಗಲಿಲ್ಲ. ಅಳಿಯನಿಗೆ ರೊಟ್ಟಿಯ ಪಾಳಿ ಇತ್ತು. ಬಿಸಿಲೊಲೆಯ ಮೇಲೆ ಜೋಳದ ರೊಟ್ಟಿ ಹಾಕಿ ನಿಂತಿದ್ದವನು, ಒಳಗಿನಿಂದ ಕೂಸಿನ ಅಳು ಕೇಳುತ್ತಲೇ ಎಲ್ಲ ಬಿಟ್ಟು ಓಡಿ ಬಂದ. ಅವನ ಹಿಂದೆ ಅಡಿಗೆಯವರೂ ಓಡಿ ಬಂದರು. ಮರಳಿ ಹೋಗುವಷ್ಟರಲ್ಲಿ ಇಡೀ ಕಂಬದವರ ರೊಟ್ಟಿ ಕರಕಲಾಗಿದ್ದವು. ಉಳಿದ ದಿನವಾಗಿದ್ದರೆ ಅವನನ್ನು ಹುರಿದು ಮುಕ್ಕುತ್ತಿದ್ದರು. ಜೋಳ ನಮಗೆ ದುರ್ಲಭ. ಅಂದು ಎಲ್ಲರೂ ಕರಿ ರೊಟ್ಟಿಯನ್ನೇ ಮುರಿದುಕೊಂಡು ತಿಂದರು.

ಇಂದು ಬೆಳಗ್ಗೆ ಕೈ ತೊಳೆದು, ನಿಮ್ಮ ಡೈರಿಯ ನವೆಂಬರ್ ಇಪ್ಪತ್ತರ ಪುಟ ತೆರೆದು, ಪೆನ್ಸಿಲಿನಿಂದ ಹೀಗೆ ಬರೆದಿದ್ದೇನೆ: 'ಬಿಸಿಲು ಬಹಳ. ರೊಟ್ಟಿ ಹೊತ್ತಿದವು. ಯಾರೂ ಬೈಯಲಿಲ್ಲ.' ಸಂಕವ್ವ ಅದನ್ನು ಎರಡು ಸಲ ಓದಿಸಿ ಕೇಳಿ, ಕೂಸಿನ ಕಡೆ ತಿರುಗಿದಳು. ನಾಳೆ ಹದಿಮೂರನೆಯ ದಿನ. ಈ ಸಾಲನ್ನೇ ಕಿವಿಯಲ್ಲಿ ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ನನ್ನ ಅಕ್ಷರ ಇಟ್ಟದ್ದಕ್ಕೆ ನಿಮ್ಮ ಒಪ್ಪಿಗೆ ಕೇಳಲು ದಾರಿ ಇರಲಿಲ್ಲ.

ಈ ಪತ್ರವನ್ನು ಏಳನೆಯ ಕಂಬದ ರೆಕ್ಕೆಗೆ ಕಟ್ಟಿ ಬಿಡುತ್ತೇನೆ. ಉಳಿದ ಯಂತ್ರಗಳ ರೆಕ್ಕೆ ಒಂದು ಕಡೆಗೆ ತಿರುಗಿದರೆ ಇದರದು ಹಿಂದಕ್ಕೆ ತಿರುಗುತ್ತದೆ. ಅದಕ್ಕೆ ಕಟ್ಟಿದ್ದು ಹಿಂದಿನವರಿಗೆ ಮುಟ್ಟುತ್ತದೆ ಎಂಬ ನಂಬಿಕೆ ಇದೆ. ನಾನು ಅಷ್ಟಾಗಿ ನಂಬುವವಳಲ್ಲ. ಆದರೆ ಮಳೆ ಇಲ್ಲದೆಯೂ ಬಟ್ಟೆ ಒಳಗೆ ತಂದು ರೂಢಿಯಾದವಳು. ನವೆಂಬರ್ ಮೂರಕ್ಕೆ ಮೊದಲೇ ಇದು ನಿಮ್ಮ ಕೈ ಸೇರಿದರೆ ಒಂದು ಕೋರಿಕೆ ಇದೆ. ಎಲ್ಲ ದಿನವೂ ಬರೆಯಿರಿ ಎನ್ನುವುದಿಲ್ಲ. ನಮ್ಮ ದಿನಗಳನ್ನು ಇನ್ನು ಮೇಲೆ ನಾವೇ ಬರೆದುಕೊಳ್ಳುತ್ತೇವೆ. ಮೊಮ್ಮಗಳು ಹುಟ್ಟಿದ ದಿನ ನಾನು ಇಲ್ಲೇ ಇದ್ದೆ, ಕಂಡದ್ದನ್ನು ಬರೆದೆ. ನಾನು ಹುಟ್ಟಿದ ದಿನ ಇಲ್ಲಿದ್ದವರು ಈಗ ಒಬ್ಬರೂ ಉಳಿದಿಲ್ಲ. ಅಂದು ಬಿಸಿಲಿತ್ತೋ, ರೊಟ್ಟಿ ಹೇಗಾಗಿದ್ದವೋ, ಯಾರು ಓಡಿ ಬಂದರೋ ಹೇಳುವವರಿಲ್ಲ. ಡಿಸೆಂಬರ್ ನಾಲ್ಕರ ಪುಟವನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅದೊಂದನ್ನು ನೀವೇ ಬರೆಯಬೇಕು. ದೊಡ್ಡದೇನೂ ಬೇಡ, ಸುವರ್ಣವ್ವ. ಸಾರು ಕೆಟ್ಟಿತು ಎಂದಾದರೂ ಬರೆಯಿರಿ.

ಗಾಳೆವ್ವ