ಸೇತುವೆಯಾಚೆಯ ಸೋದರಮಾವ

ಫೆಬ್ರವರಿ 9, ಬೆಳಿಗ್ಗೆ

ಅಕ್ಕನ ಕಾಲಿಗೆ ಬಿಸಿನೀರು, ಅಕ್ಕನ ಹೊಟ್ಟೆಗೆ ಉಪದೇಶ — ಎರಡೂ ಮುಗಿದವು. ಒಳಗಿರುವ ಪ್ರಜೆಗೆ ಇಂದಿನ ಹಿತವಚನ: ಹೊಸ ದೇಶಕ್ಕೆ ಬಹುಕಾಲ ತಂಗಲು ಬರುವವರು ಸಾಮಾನು ಕಡಿಮೆ ತರತಕ್ಕದ್ದು. ಬಂದ ಕೂಡಲೇ ಜೋರಾಗಿ ಅಳತಕ್ಕದ್ದು, ಎಲ್ಲರೂ ಓಡಿ ಬರುತ್ತಾರೆ.

ಅಕ್ಕ ಚಮಚ ಎಸೆದಳು. "ನಗಿಸಬೇಡ್ವೋ ಕೋತಿ, ಇಲ್ಲೇ ಹೆತ್ತುಬಿಡ್ತೀನಿ."

ಭಾವ ಹಡಗಿನ ಕೆಲಸದಲ್ಲಿ, ಬರುವುದು ಏಪ್ರಿಲ್‌ಗೆ. ಊರಲ್ಲಿ ಅಮ್ಮನ ಮಂಡಿ ಕೈಕೊಟ್ಟಿದೆ. ಹೀಗಾಗಿ ಬಾಣಂತನದ ಸಮಸ್ತ ಭಾರ, ಮೂರು ತಿಂಗಳ ವೀಸಾ ಹಿಡಿದು ಬಂದ ಈ ಮಹಾಪುರುಷನ ಹೆಗಲಿಗೆ.

ಫೆಬ್ರವರಿ 11, ಸಂಜೆ

ಲಾಡ್ಜ್. ನದಿಯ ತಪ್ಪು ದಡ.

ಸೊಪ್ಪು ತರಲು ಹೊರಟಿದ್ದೆ. ಊರಂಚಿನ ಸೇತುವೆ ದಾಟಿದರೆ ಪಕ್ಕದ ದೇಶ. ಅಲ್ಲಿಗೆ ನಮಗೆ ವೀಸಾ ಬೇಡ, ಠಸ್ಸೆ ಒತ್ತಿ ಬಿಡುತ್ತಾರೆ. "ವಿದೇಶ ಪ್ರವಾಸ ಮುಗಿಸಿ ಬಂದೆ ಅಕ್ಕಾ, ಸೊಪ್ಪು ತಗೋ" ಎನ್ನಬಹುದಲ್ಲ! ದಾಟಿದೆ. ಸೊಪ್ಪು ಕೊಂಡು, ಒಂದು ಟೀ ಕುಡಿದೆ. ತಿರುಗಿ ಬಂದೆ. ಗೇಟಿನವನು ಪಾಸ್‌ಪೋರ್ಟಿನ ಹಾಳೆ ಮಗುಚಿದ.

"ಇದು ಒಂದೇ ಸಲ ಒಳಗೆ ಬರೋ ವೀಸಾ. ಆ ಒಂದು ಸಲ ಆಗೋಯ್ತು."

"ಮೂರು ತಿಂಗಳು ಅಂತ ಇದೆಯಲ್ಲ ಸಾರ್?"

"ಒಳಗೇ ಇದ್ದಿದ್ರೆ ಇತ್ತು."

ಅಕ್ಕನಿಗೆ ಫೋನ್ ಮಾಡಿದೆ. "ಸಾಕು ನಾಟಕ. ಬಾಗಿಲ ಹಿಂದೆ ನಿಂತಿದ್ದೀಯ ತಾನೇ?" ಎಂದಳು. ಚಿಲಕ ತೆಗೆದ ಸದ್ದು ಕೇಳಿಸಿತು.

ಫೆಬ್ರವರಿ 13

ಸೊಪ್ಪು ಬಾಡಿತು. ಅಂಗಿ ಅದೇ. ರೂಮಿನ ಕಿಟಕಿ ತೆರೆಯುವುದಿಲ್ಲ, ಗಾಜು ಮಾತ್ರ ಶುಭ್ರ — ನದಿಯಾಚೆ ಅಕ್ಕನ ಬಾಲ್ಕನಿ, ಹಗ್ಗದ ಮೇಲೆ ಹಳದಿ ಟವೆಲ್. ಅಕ್ಕ ಬಂದು ಕೈ ಬೀಸಿದಳು. ಅಥವಾ ಟವೆಲ್ ಅಲುಗಿತು.

ಅಕ್ಕ ಇರುವ ದೇಶದ ವೀಸಾ ಕಚೇರಿ ಈ ದಡದಲ್ಲೂ ಒಂದಿದೆ, ಹೋಗಿದ್ದೆ. ಹೊಸ ಅರ್ಜಿ. ಸಂದರ್ಶನ ಹದಿನೆಂಟಕ್ಕೆ. ತಪ್ಪಿದರೆ ಇನ್ನು ಮಾರ್ಚ್ ಕೊನೆಗೇ. ಹೆರಿಗೆಗೆ ಡಾಕ್ಟರು ಕೊಟ್ಟಿರುವುದು ತಿಂಗಳ ಕೊನೆಯ ವಾರ. ಮುಟ್ಟುತ್ತೇನೆ. ಮುಟ್ಟಲೇಬೇಕು. ಅಲ್ಲಿ ಅವಳಿಗೆ ಎದುರುಮನೆ ಟೈಲರ್ ಆಂಟಿ ಬಿಟ್ಟರೆ ಯಾರಿದ್ದಾರೆ?

ಗೇಟಿಗೆ ಮತ್ತೆ ಹೋಗಿ ಅಂಗಲಾಚಿದೆ. "ಅಕ್ಕನ ಹೆರಿಗೆ ಸಾರ್." "ನಿನ್ನೆ ಒಬ್ಬನಿಗೆ ಅಜ್ಜಿಯ ಹೆರಿಗೆ" ಎಂದ. ಛೇ, ಒಳ್ಳೆಯ ಜೋಕು. ನನ್ನದಾಗಿರಬೇಕಿತ್ತು.

ಫೆಬ್ರವರಿ 18, ಬೆಳಿಗ್ಗೆ 10.20

ವೀಸಾ ಕಚೇರಿ. ಟೋಕನ್ ಮೂವತ್ತೊಂದು. ಈಗ ಇಪ್ಪತ್ತೆಂಟು ನಡೆಯುತ್ತಿದೆ. ಕೌಂಟರಿಗೆ ಹೋಗುವವರು ಫೋನ್ ಆಫ್ ಮಾಡಿ ಕಾವಲುಗಾರನ ಬುಟ್ಟಿಗೆ ಹಾಕಬೇಕು. ಮೂರು ಸಲ ಕರೆದಾಗ ಏಳದಿದ್ದರೆ ಟೋಕನ್ ರದ್ದು — ಗೋಡೆಯ ಮೇಲೇ ಬರೆದಿದೆ.

ಆಂಟಿಯ ಫೋನ್. "ನೀರು ಒಡೀತು ಕಣಪ್ಪಾ, ಆಸ್ಪತ್ರೆಗೆ ಸೇರಿಸಿದ್ದೀನಿ. ನಿನ್ನನ್ನೇ ಕೇಳ್ತಿದ್ದಾಳೆ, ತಗೋ."

11.05

ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು. ಈ ಕೈಗೂ ಒಂದು ಕೆಲಸ ಬೇಕಲ್ಲ.

"ನನಗೆ ಭಯ ಆಗ್ತಿದೆಯೋ. ಏನಾದ್ರೂ ಮಾತಾಡ್ತಿರು. ಫೋನ್ ಇಟ್ಟೆ ಅಂದ್ರೆ ಕೊಂದುಬಿಡ್ತೀನಿ."

ಒಳಗೆ ಹೋದರೆ ನಾಳೆಯೋ ನಾಡಿದ್ದೋ ಅವಳ ಪಕ್ಕ ಇರಬಹುದು. ಹೇಳಿದೆ. "ನಾಳೆ ಯಾರಿಗೆ ಬೇಕೋ!" ಎಂದಳು.

ಮೂವತ್ತೊಂದು ಎಂದರು.

"ಲೋ, ಇದ್ದೀಯಾ?"

ಇದ್ದೀನಿ ಕಣೇ.

ಮತ್ತೆ ಕರೆದರು. ಕಾವಲುಗಾರ ಬುಟ್ಟಿ ಚಾಚಿದ. ಇಲ್ಲವೆಂದು ತಲೆಯಾಡಿಸಿದೆ. ಅರ್ಥವಾಗದೆ ಇನ್ನೂ ಹತ್ತಿರ ಚಾಚಿದ.

"ಇದ್ದೀಯಾ?"

ಇಲ್ಲೇ ಇದ್ದೀನಿ.

ಮೂರನೇ ಸಲ. ಮೂವತ್ತೆರಡರ ಹೆಂಗಸು ನನ್ನ ಕಾಲು ದಾಟಿಕೊಂಡು ಹೋದಳು. ಅಕ್ಕ ಕೂಗಿಕೊಂಡಳು. ಇಲ್ಲಿ ಇಡೀ ಹಾಲ್ ನನ್ನನ್ನೇ ನೋಡುತ್ತಿದೆ, ಉಸಿರು ಎಳ್ಕೋ ಅಕ್ಕಾ, ಬಿಡು, ಇನ್ನೊಂದ್ಸಲ ಎಳ್ಕೋ, ಬಿಡು, ಎಳ್ಕೋ —