ಗಂಟಲು ಇಲ್ಲಿದೆ

ಜೂನ್ 9, ಸೋಮವಾರ

ಆಸ್ಪತ್ರೆಯಲ್ಲಿ ಮತ್ತೆ ಒಂದು ಬಾಟಲಿ ನೀರು ಕುಡಿದು ಕೂತೆ. ಕರೆಂಟು, ಅದೇ ರೇಡಿಯೇಷನ್, ಕೊಡುವಾಗ ಉಚ್ಚೆ ತಡೆದುಕೊಂಡು ಮಲಗಬೇಕು. ಮಗ ಹೊರಗೆ ಕಾರಿನಲ್ಲೇ. ಕನ್ನಡಕದ ಅಂಗಡಿ ಇಟ್ಟವನು. ಊರಿಗೆಲ್ಲ ಕಣ್ಣು ಕಾಣಿಸುತ್ತಾನೆ, ಹೆಂಗಸರ ವಾರ್ಡಿನ ಬಾಗಿಲು ಮಾತ್ರ ಅವನಿಗೇ ಕಾಣುವುದಿಲ್ಲ.

ಯಂತ್ರ ಸುತ್ತಿತು. ಏನೂ ಅನ್ನಿಸಲಿಲ್ಲ.

ತಿಂದದ್ದು — ಅರ್ಧ ಬಾಳೆಹಣ್ಣು. ಭೇದಿ — ಇದೆ. ನರ್ಸಮ್ಮ ದಿನವೂ ಬರೆದಿಡಲು ಹೇಳಿದ್ದಾಳೆ.

ಸಂಜೆ ಪಕ್ಕದ ಮನೆಯಾಕೆ ಬಂದಳು. "ಮಾತಾಡ್ಬೇಡಿ, ಗಂಟಲಿಗೆ ಆಯಾಸ" ಎಂದಳು. ಡಾಕ್ಟರು ಮಗನಿಗೆ ಹೇಳಿದ್ದು ಗರ್ಭಕಂಠದ ಕ್ಯಾನ್ಸರ್ ಎಂದು. ಮನೆಗೆ ಬರುವಷ್ಟರಲ್ಲಿ ಗರ್ಭವನ್ನು ನುಂಗಿ ಕಂಠ ಮಾತ್ರ ಉಳಿಸಿಕೊಂಡ. ಹೆಂಡತಿಗೂ ಅಷ್ಟೇ ಹೇಳಿದ. ಎಲ್ಲರೂ ನಂಬಿದರು. ಇಷ್ಟು ವರ್ಷ ನಾನು ಎಲ್ಲರನ್ನೂ ಬೈದದ್ದಕ್ಕೇ ಬಂತು ಅಂದುಕೊಂಡಿರಬೇಕು.

ಜೂನ್ 11, ಬುಧವಾರ

ಮೊಮ್ಮಗಳು ಶಾಲೆಯಿಂದ ಚೀಟಿ ತಂದಳು. ಆರನೇ ಕ್ಲಾಸಿನ ಹುಡುಗಿಯರಿಗೆ ಮಂಗಳವಾರ ಇಂಜೆಕ್ಷನ್. ಹೆಂಗಸರ ಕ್ಯಾನ್ಸರ್ ತಡೆಯಲಿಕ್ಕಂತೆ. ಮನೆಯವರು ಒಪ್ಪಿ ಸಹಿ ಹಾಕಿದರೆ ಮಾತ್ರ.

ಮಗ ಓದಿ ತಟ್ಟೆಯ ಕೆಳಗಿಟ್ಟ. "ಹಾಲುಗಲ್ಲದ ಹುಡುಗಿ. ಈಗ್ಲೇ ಇದೆಲ್ಲ ಯಾಕೆ?"

ಸೊಸೆ, "ಮುಂದೆ ಮಕ್ಕಳಾಗ್ದೇ ಹೋದ್ರೆ? ಫೋನಲ್ಲಿ ಏನೇನೋ ಬರುತ್ತೆ. ನಮ್ಮನೇಲಿ ಆ ಕಾಯಿಲೆ ಯಾರಿಗಿದೆ ಹೇಳಿ ಅತ್ತೆ?" ಎಂದಳು.

ಮಗ ನೀರು ಕುಡಿದ. ನಾನೂ ಕುಡಿದೆ.

ಜೂನ್ 12, ಗುರುವಾರ, ಆಸ್ಪತ್ರೆ

ಕಿಬ್ಬೊಟ್ಟೆಯ ಮೇಲೆ ಗೆರೆ ಎಳೆದಿದ್ದಾರೆ, ಕರೆಂಟು ಎಲ್ಲಿ ಬೀಳಬೇಕೆಂದು. ಮಾಸಿತ್ತು. ನರ್ಸಮ್ಮ ಪೆನ್ನಿನಿಂದ ತಿದ್ದಿದಳು. ಕೇಳಿದೆ.

"ಶಾಲೇಲಿ ಹುಡುಗೀರಿಗೆ ಹಾಕ್ತಾರಲ್ಲ, ಅದು ಯಾವುದಕ್ಕಮ್ಮ?"

"ಇದಕ್ಕೇ ಅಜ್ಜಿ. ನಿಮಗೆ ಬಂದದ್ದು ಅವರಿಗೆ ಬರದಿರಲಿ ಅಂತ."

"ಮಕ್ಕಳಾಗಲ್ವಂತೆ?"

"ಯಾರು ಹೇಳಿದ್ದು? ಸುಳ್ಳು. ನನ್ನ ಮಗಳಿಗೂ ಹಾಕ್ಸಿದೀನಿ."

"ವಂಶದಲ್ಲಿದ್ರೆ ಮಾತ್ರ ಬರೋದಾ?"

"ವಂಶ ಕೇಳ್ಕೊಂಡು ಬರಲ್ಲ, ಅದು ವೈರಸ್ಸು. ಚಿಕ್ಕವರಿದ್ದಾಗ್ಲೇ ಹಾಕ್ಸಿದ್ರೆ ಒಳ್ಳೇದು. ಅಲುಗಾಡ್ಬೇಡಿ."

ಅಲುಗಾಡಲಿಲ್ಲ.

ಜೂನ್ 16, ಸೋಮವಾರ

ಬರೆಯಲಾಗಿರಲಿಲ್ಲ. ಭೇದಿ ಜಾಸ್ತಿ.

ಇಂಜೆಕ್ಷನ್ ನಾಳೆ. ಚೀಟಿ ಫ್ರಿಜ್ಜಿನ ಮೇಲಿದೆ, ಸಹಿಯಿಲ್ಲ. ಕಾರಿನಲ್ಲಿ ಮಗನನ್ನು ಕೇಳಿದೆ, "ನೀನು ಹೇಳ್ತೀಯೋ, ನಾನು ಹೇಳ್ಲೋ?" ಗೇರು ಬದಲಿಸಿದ.

ಮಧ್ಯಾಹ್ನ ಸೊಸೆ ಬಿಸಿನೀರಿಗೆ ಜೇನುತುಪ್ಪ ಹಾಕಿ ತಂದಳು. ನನ್ನ ಗಂಟಲಿಗೆ. ದಿನವೂ ತರುತ್ತಾಳೆ, ಪಾಪ.

"ಬಾಗಿಲು ಹಾಕಮ್ಮ" ಎಂದೆ. ಬಟ್ಟೆ ಸರಿಸಿ ಗೆರೆ ತೋರಿಸಿದೆ.

"ನನ್ನ ಗಂಟಲು ಇಲ್ಲಿದೆ, ನೋಡು."

ನಗಲು ಹೊರಟಳು. ಆಮೇಲೆ ಲೋಟ ಕೆಳಗಿಟ್ಟಳು.

"ಇವರು... ಕಂಠ ಅಂದ್ರು."

"ಅರ್ಧ ಹೇಳಿದ. ನುಂಗಿದ್ದು ಗರ್ಭ. ಒಂಬತ್ತು ತಿಂಗಳು ಬಾಡಿಗೆ ಕೊಡ್ದೆ ಇದ್ದ ಮನೆ, ಈಗ ಹೆಸರೆತ್ತೋಕೆ ನಾಚಿಕೆ."

"ಹಾಗಾದ್ರೆ ಆ ಚೀಟಿ..."

"ಇದಕ್ಕೇ. ಮನೇಲಿ ಯಾರಿಗಿದೆ ಅಂದ್ಯಲ್ಲ. ನನಗಿದೆ."

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಜೇನಿನ ನೀರು ಆರುತ್ತಿತ್ತು, ಕುಡಿದುಬಿಟ್ಟೆ.

ಜೂನ್ 17, ಮಂಗಳವಾರ, ಆಸ್ಪತ್ರೆ

ನೀರು ಕುಡಿದಾಯಿತು. ಇವತ್ತು ಮಗ ಒಳಗೆ ಬಂದ. ಹೆಂಗಸರ ನಡುವೆ ಕೂತು ಕನ್ನಡಕ ಒರೆಸುತ್ತಿದ್ದಾನೆ. ಒರೆಸಿದ್ದನ್ನೇ ಒರೆಸುತ್ತಾನೆ.

ಶಾಲೆಯಿಂದ ಸೊಸೆಯ ಫೋನು. ಮೊಮ್ಮಗಳು ಕಿತ್ತುಕೊಂಡಳು.

"ಅಜ್ಜೀ, ಚುಚ್ಚಿದ್ರು! ನಾನು ಅಳ್ಲಿಲ್ಲ, ಪಕ್ಕದೋಳು ಅತ್ಲು. ಇನ್ನೊಂದು ಇಂಜೆಕ್ಷನ್ ಆರು ತಿಂಗಳು ಬಿಟ್ಟಂತೆ. ಅವತ್ತು ನೀನೇ ಬರ್ಬೇಕು."

"ಬರ್ತೀನಿ ಕಣೇ" ಎಂದೆ.

ಮಗ ನನ್ನ ಮುಖ ನೋಡಿದ. ನಾನು ಈ ಪುಸ್ತಕ ನೋಡಿದೆ.

ತಿಂದದ್ದು — ಏನಿಲ್ಲ. ಭೇದಿ — ಕಡಿಮೆ.

ಆರು ತಿಂಗಳೆಂದರೆ ಡಿಸೆಂಬರ್. ಚಳಿ. ನನ್ನ ಸ್ವೆಟರಿನ ಗುಂಡಿ ಕಿತ್ತುಹೋಗಿದೆ, ಹಾಕಿಡಬೇಕು. ನೀಲಿ ಗುಂಡಿ, ಡಬ್ಬಿಯಲ್ಲಿ ಇರಬೇಕು... ಕರೆಯುತ್ತಿದ್ದಾರೆ. ಇಲ್ಲದಿದ್ದರೆ ಸೊಸೆಗೆ ಹೇಳಿ —